ಆರು ಚೆಕ್ಕಿನ ಒಂದು ವಾಕ್ಯ: ಟೀಕೆ ಸಹಿತ

ಮೂಲ: ‘ಚೆಕ್ಸ್ ಅಂಗಿ ತೊಟ್ಟ ಕಂಟ್ರಾಕ್ಟರು, ಚೆಕ್‌ಡ್ಯಾಮಿನ ಬಾಬ್ತು ಬಂದ ಚೆಕ್ಕನ್ನು ಚೆಕ್ ಮಾಡಿ ಜೇಬಿಗಿಟ್ಟುಕೊಂಡು, ಚೆಕ್‌ಪೋಸ್ಟ್ ದಾಟಿ ಚೆಕಪ್ಪಿಗೆ ಹೋದರು.’

ಇದು ಯಾವ ಗ್ರಂಥದ ಸೂತ್ರವೂ ಅಲ್ಲ, ಯಾವ ಶಾಸನದ ಸಾಲೂ ಅಲ್ಲ. ತಾಲ್ಲೂಕು ಕಚೇರಿಯ ಮುಂದಿನ ಚಹಾದಂಗಡಿಯಲ್ಲಿ ಒಬ್ಬರು ಆಡಿ, ಇನ್ನೊಬ್ಬರು ಕೇಳಿ, ಇಬ್ಬರೂ ಮರೆಯಬಹುದಾದ ಮಾತು. ಕೇಳಿದವರಿಗೆ ಅರ್ಥ ಎಲ್ಲಿಯೂ ತೊಡಕುವುದಿಲ್ಲ. ಆದರೂ ಇದಕ್ಕೆ ವ್ಯಾಖ್ಯಾನ ಬೇಕು. ಇಂಗ್ಲಿಷಿನಿಂದ ಬಂದ ಒಂದೇ ಶಬ್ದ ಇಲ್ಲಿ ಆರು ಬಾರಿ ಬಂದಿದೆ, ಆರು ಕಡೆಯೂ ಬೇರೆ ಬೇರೆ ಅರ್ಥ ಹೊತ್ತು ನಿಂತಿದೆ. ಬಟ್ಟೆಯ ಮೇಲೆ ಚೌಕುಳಿ, ಹಳ್ಳದಲ್ಲಿ ಒಡ್ಡು, ಕೈಯಲ್ಲಿ ಹಣದ ಪತ್ರ, ಕಣ್ಣಿಗೆ ಪರಿಶೀಲನೆ, ದಾರಿಗೆ ತಡೆ, ದೇಹಕ್ಕೆ ತಪಾಸಣೆ. ಇವು ಒಂದೇ ಬೇರಿನಿಂದ ಒಡೆದ ಕವಲುಗಳೋ, ದನಿಯೊಂದೇ ಆಗಿ ಕುಲ ಬೇರೆಯಾದವೋ ಎಂಬುದೇ ಇಲ್ಲಿಯ ಜಿಜ್ಞಾಸೆ, ಎಂದರೆ ತಿಳಿಯಬೇಕೆಂಬ ಬಯಕೆ.

ಮೊದಲು ಸೇರದವನ್ನು ಹೊರಗಿಡತಕ್ಕದ್ದು. ಮರ ಕಡಿದಾಗ ಸಿಡಿಯುವ ‘ಚೆಕ್ಕೆ’ ಅಚ್ಚಗನ್ನಡದ್ದು. ಅದಕ್ಕೂ ಇದಕ್ಕೂ ನಂಟಿಲ್ಲ. ಪ್ರಾಗ್ ನಗರವನ್ನು ರಾಜಧಾನಿಯಾಗಿ ಉಳ್ಳ ಚೆಕ್ ದೇಶದ ಹೆಸರು ಒಂದು ಜನಾಂಗದ ಹೆಸರು, ಅದೂ ಬೇರೆ. ಉಳಿದ ಆರನ್ನು ನೋಡಿದರೆ, ಇಂಗ್ಲೆಂಡಿನವರು ಹಣದ ಚೆಕ್ಕನ್ನು ಒಂದು ಬಗೆಯ ಅಕ್ಷರಗಳಲ್ಲಿ, ಮಿಕ್ಕ ಐದನ್ನು ಇನ್ನೊಂದು ಬಗೆಯಲ್ಲಿ ಬರೆಯುತ್ತಾರೆ. ಅಮೆರಿಕದವರು ಎಲ್ಲವನ್ನೂ ಒಂದೇ ಬಗೆಯಲ್ಲಿ ಬರೆಯುತ್ತಾರೆ. ಕನ್ನಡ ಲಿಪಿ ದನಿಯನ್ನು ಹಿಡಿಯುವುದಾದ್ದರಿಂದ ಇಲ್ಲಿ ಆರೂ ‘ಚೆಕ್’ ಎಂದೇ ಆದವು. ಲಿಪಿ ಹೀಗೆ ಒಂದುಗೂಡಿಸಿದ್ದು ತಪ್ಪಲ್ಲ, ಅವು ಹುಟ್ಟಿನಲ್ಲಿಯೇ ಒಂದು ಎಂಬುದು ಮುಂದೆ ಸಾಧಿತವಾಗುವುದು.

ಬೇರು ಯಾವುದು? ‘ರಾಜ’ ಎಂಬುದೇ ಬೇರು. ಪಾರಸಿಯಲ್ಲಿ ‘ಷಾ’ ಎಂದರೆ ಅರಸ. ಇದರ ಹಿಂದಿನ ರೂಪ ಹಳೆಯ ಪಾರಸಿಯ ‘ಕ್ಷಾಯಥಿಯ’; ಇರಾನಿನ ಬೆಹಿಸ್ತೂನ್ ಬಂಡೆಯ ಮೇಲೆ ಕ್ರಿ.ಪೂ. 6ನೇ ಶತಮಾನದ ಕೊನೆಗೆ ದೊರೆ ಡೇರಿಯಸ್ ಕೆತ್ತಿಸಿದ ಶಾಸನದಲ್ಲಿ ಅವನು ತನ್ನನ್ನು ಕರೆದುಕೊಂಡದ್ದು ಈ ಶಬ್ದದಿಂದಲೇ. ಆಳು ಎಂಬ ಅರ್ಥದ ಆ ಧಾತುವೂ ಸಂಸ್ಕೃತದ ‘ಕ್ಷತ್ರ’, ‘ಕ್ಷತ್ರಿಯ’ ಶಬ್ದಗಳ ಧಾತುವೂ ಒಂದೇ ಮನೆತನದವು. ಕನ್ನಡಕ್ಕೂ ಈ ‘ಷಾ’ ಹೊಸತಲ್ಲ. ವಿಜಯಪುರವನ್ನು 1490ರಿಂದ 1686ರವರೆಗೆ ಆಳಿದ ಆದಿಲ್‌ಶಾಹಿಗಳ ಹೆಸರಿನಲ್ಲಿ ಅದಿದೆ. ಇಂದು ದಿನಪತ್ರಿಕೆ ಓದುವವರು ದಿನವೂ ಕಾಣುವ ‘ಅಧಿಕಾರಶಾಹಿ’, ‘ಬಂಡವಾಳಶಾಹಿ’ ಎಂಬ ಮಾತುಗಳ ಬಾಲದಲ್ಲಿಯೂ ಅದೇ ಇದೆ. ‘ಅಧಿಕಾರಶಾಹಿ ಚೆಕ್ಕು ಕೊಡಲಿಲ್ಲ’ ಎಂದು ಯಾರಾದರೂ ಹೇಳಿದರೆ, ಒಂದೇ ಶಬ್ದವನ್ನು ಅವರು ಎರಡು ವೇಷದಲ್ಲಿ ಆಡಿದಂತಾಯಿತು.

ಅರಸನ ಹೆಸರು ತಡೆಯ ಹೆಸರಾದದ್ದು ಚದುರಂಗದ ಹಲಗೆಯ ಮೇಲೆ. ‘ಚದುರಂಗ’ ಎಂಬುದು ‘ಚತುರಂಗ’ದ ತದ್ಭವ, ಆನೆ, ಕುದುರೆ, ರಥ, ಕಾಲಾಳು ಎಂಬ ನಾಲ್ಕು ಅಂಗಗಳುಳ್ಳ ಸೇನೆ ಎಂದರ್ಥ. ಕಲ್ಯಾಣದ ಚಾಲುಕ್ಯ ಅರಸ ಮೂರನೆಯ ಸೋಮೇಶ್ವರ 12ನೇ ಶತಮಾನದಲ್ಲಿ ಬರೆದ ‘ಮಾನಸೋಲ್ಲಾಸ’ ರಾಜನ ವಿನೋದಗಳಲ್ಲಿ ಇದನ್ನೂ ಎಣಿಸುತ್ತದೆ. ಅದಕ್ಕೂ ಬಹಳ ಮೊದಲೇ ಆಟ ಭಾರತದಿಂದ ಇರಾನಿಗೆ ಹೋಗಿ ‘ಚತ್ರಂಗ್’ ಆಗಿತ್ತು, ಅರಬರಲ್ಲಿ ‘ಶತ್ರಂಜ್’ ಆಗಿತ್ತು. ಪಾರಸಿ ಆಟಗಾರರಲ್ಲಿ ಒಂದು ಮರ್ಯಾದೆ ಇತ್ತು: ಎದುರಾಳಿಯ ಅರಸನ ಮೇಲೆ ದಾಳಿ ಬಿದ್ದಾಗ ‘ಷಾ!’ ಎಂದು ಕೂಗಿ ಎಚ್ಚರಿಸುವುದು. ‘ರಾಜ!’ ಎಂಬ ಆ ಒಂದು ಕೂಗಿಗೆ ಆಟವೆಲ್ಲ ನಿಲ್ಲುತ್ತದೆ. ಆನೆ ಎಲ್ಲಿಗೆ ನುಗ್ಗಬೇಕೆಂದಿತ್ತೋ, ಕುದುರೆ ಯಾರನ್ನು ಹೊಡೆಯಬೇಕೆಂದಿತ್ತೋ ಆ ಯೋಚನೆಯೆಲ್ಲ ಬದಿಗೆ ಸರಿಯಬೇಕು. ಅರಸನನ್ನು ಬೇರೆ ಮನೆಗೆ ಸರಿಸಬೇಕು, ಇಲ್ಲವೆ ನಡುವೆ ಒಂದು ಕಾಯಿ ಅಡ್ಡ ಇಡಬೇಕು, ಇಲ್ಲವೆ ದಾಳಿಯಿಟ್ಟ ಕಾಯನ್ನೇ ಹೊಡೆಯಬೇಕು. ನಾಲ್ಕನೆಯ ದಾರಿಯಿಲ್ಲ. ಮೂರೂ ಸಾಧ್ಯವಿಲ್ಲದಿದ್ದರೆ ‘ಷಾ ಮಾತ್’, ಅರಸ ನಿರುಪಾಯ. ಇಂಗ್ಲಿಷಿನಲ್ಲಿ ಚೆಕ್‌ಮೇಟ್ ಆದದ್ದು ಇದೇ.

ಅರಬರಿಂದ ಯುರೋಪಿಗೆ ಹೋದ ‘ಷಾ’ ಲ್ಯಾಟಿನ್ನಿನಲ್ಲಿ ‘ಸ್ಕಾಕಸ್’ ಆಯಿತು, ಹಳೆಯ ಫ್ರೆಂಚಿನಲ್ಲಿ ‘ಎಶೆಕ್’ ಆಯಿತು, ಫ್ರೆಂಚನ್ನು ಇಂಗ್ಲೆಂಡಿಗೆ ಕೊಂಡೊಯ್ದ ನಾರ್ಮನ್ನರ ಬಾಯಿಂದ ಇಂಗ್ಲಿಷಿಗೆ ಬಂದು ಮೊದಲ ಅಕ್ಷರ ಕಳೆದುಕೊಂಡು ‘ಚೆಕ್’ ಆಯಿತು. ಇಲ್ಲಿಂದ ಮುಂದೆ ಹೊಳೆ ಎರಡಾಗಿ ಒಡೆಯುತ್ತದೆ. ಅರಸ ನಿಂತ ಹಲಗೆಯ ಮನೆಗಳನ್ನು ಹಿಡಿದದ್ದು ಆಕಾರದ ಕವಲು. ಅರಸನ ಹೆಸರು ಕೂಗಿದಾಗ ಆದ ನಿಲುಗಡೆಯನ್ನು ಹಿಡಿದದ್ದು ಕ್ರಿಯೆಯ ಕವಲು. ಮೂಲವಾಕ್ಯದ ಆರು ಪದಗಳನ್ನೂ ಈ ಎರಡರ ನಡುವೆ ಹಂಚಬೇಕು.

‘ಚೆಕ್ಸ್ ಅಂಗಿ ತೊಟ್ಟ’ ಎಂಬಲ್ಲಿ ಆಕಾರದ ಕವಲು. ಚೆಕ್ಸ್ ಎಂದರೆ ಚೌಕುಳಿ, ಉದ್ದ ಗೆರೆಯೂ ಅಡ್ಡ ಗೆರೆಯೂ ಹಾಯ್ದು ಆದ ಮನೆಗಳ ಸಾಲು. ಇದು ಮಗ್ಗದಲ್ಲಿ ಹುಟ್ಟುವ ಬಗೆಯನ್ನು ಹತ್ತಿರದಿಂದ ನೋಡಬೇಕು. ಮಗ್ಗಕ್ಕೆ ಉದ್ದಕ್ಕೆ ಕಟ್ಟಿದ ನೂಲು ಹಾಸು. ಲಾಳಿಯಲ್ಲಿ ಅಡ್ಡಕ್ಕೆ ಹಾಯುವ ನೂಲು ಹೊಕ್ಕು. ಹಾಸಿನಲ್ಲಿ ಮಾತ್ರ ಬಣ್ಣ ಬದಲಿಸಿದರೆ ಪಟ್ಟೆ ಬರುತ್ತದೆ. ಹೊಕ್ಕಿನಲ್ಲಿಯೂ ಅದೇ ಎಣಿಕೆಗೆ ಲಾಳಿ ಬದಲಿಸಿದರೆ ಪಟ್ಟೆಯ ಮೇಲೆ ಪಟ್ಟೆ ಬಿದ್ದು ಚೌಕುಳಿಯಾಗುತ್ತದೆ. ಕೆಂಪು ಹಾಸಿಗೆ ಕೆಂಪು ಹೊಕ್ಕು ಬಿದ್ದಲ್ಲಿ ತುಂಬುಗೆಂಪು, ಬಿಳಿಗೆ ಬಿಳಿ ಬಿದ್ದಲ್ಲಿ ಅಪ್ಪಟ ಬಿಳುಪು, ಕೆಂಪಿಗೆ ಬಿಳಿ ಬಿದ್ದಲ್ಲಿ ಎರಡೂ ಬೆರೆತ ತಿಳಿಗೆಂಪು. ನೂಲು ಎರಡೇ ಬಣ್ಣದ್ದು, ಛಾಯೆ ಮೂರು. ಚದುರಂಗದ ಹಲಗೆಯಲ್ಲಿ ಕಪ್ಪು-ಬಿಳುಪಿನ ನಡುವೆ ಈ ಮೂರನೆಯದು ಇಲ್ಲ. ಹಲಗೆಗೆ ಬಣ್ಣ ಬಳಿಯುತ್ತಾರೆ, ಬಟ್ಟೆಗೆ ಬಣ್ಣ ನೇಯುತ್ತಾರೆ. ಗಜೇಂದ್ರಗಡದ ಪಟ್ಟೆದ ಅಂಚಿನ ಸೀರೆಯ ಒಡಲಲ್ಲಿ ಸಣ್ಣ ಸಣ್ಣದಾಗಿ ಕಾಣುವುದೂ ಈ ಹಾಸುಹೊಕ್ಕಿನ ಲೆಕ್ಕವೇ.

ಇಲ್ಲಿ ಎರಡು ವಿಶೇಷ. ಕನ್ನಡ ‘ಚೌಕ’, ‘ಚೌಕುಳಿ’ ಎಂದು ನಾಲ್ಕು ಎಂಬ ಸಂಖ್ಯೆಯಿಂದ ಆ ಮನೆಯನ್ನು ಕರೆದರೆ, ಇಂಗ್ಲಿಷು ಆ ಮನೆಯಲ್ಲಿ ನಿಂತ ಅರಸನಿಂದ ಅದನ್ನು ಕರೆಯಿತು. ಆಟದ ಹೆಸರಿನಲ್ಲಿಯೂ ಹಾಗೆಯೇ: ನಮ್ಮದು ನಾಲ್ಕಂಗದ ಸೇನೆಯ ಹೆಸರು, ಅವರದು ಒಬ್ಬ ಅರಸನ ಹೆಸರು. ಇನ್ನೊಂದು, ‘ಚೆಕ್ಸ್’ ಎಂಬಲ್ಲಿಯ ಕೊನೆಯ ‘ಸ್’. ಅದು ಇಂಗ್ಲಿಷಿನ ಬಹುವಚನ. ಕನ್ನಡಕ್ಕೆ ಬಂದ ಮೇಲೆ ಅದರ ಬಹುತ್ವ ಅಳಿದು, ‘ಒಂದು ಚೆಕ್ಸ್ ಅಂಗಿ’ ಎಂದು ಏಕವಚನದಂತೆ ನಡೆಯುತ್ತಿದೆ. ಇದನ್ನು ಅಶುದ್ಧವೆಂದು ತಳ್ಳುವುದು ಸಲ್ಲದು. ಚದುರಂಗಕ್ಕೆ ಇಂಗ್ಲಿಷಿನವರು ಹೇಳುವ ‘ಚೆಸ್’ ಎಂಬ ಹೆಸರೂ ಫ್ರೆಂಚಿನ ‘ಎಶೆಕ್’ ಶಬ್ದದ ಬಹುವಚನವೇ. ಅವರೂ ಅದನ್ನು ಏಕವಚನವಾಗಿ ನುಂಗಿದರು. ಚೆಸ್ ಎಂದರೆ ‘ಚೆಕ್ಕುಗಳು’. ಇಂಗ್ಲಿಷು ಫ್ರೆಂಚಿಗೆ ಮಾಡಿದ್ದನ್ನೇ ಕನ್ನಡವು ಇಂಗ್ಲಿಷಿಗೆ ಮಾಡಿದೆ, ಬಾಳುವ ಭಾಷೆಗಳ ನಡೆ ಅದು.

‘ಕಂಟ್ರಾಕ್ಟರು’ ಎಂಬುದು ಗುತ್ತಿಗೆದಾರರು ಎಂದು ಸ್ಪಷ್ಟ.

‘ಚೆಕ್‌ಡ್ಯಾಮಿನ’ ಎಂಬಲ್ಲಿ ಕ್ರಿಯೆಯ ಕವಲು ಮೊದಲಾಗುತ್ತದೆ. ಕೂಗಿನಿಂದ ಆಟ ನಿಂತ ಹಾಗೆ ಯಾವುದೇ ಓಟ ಥಟ್ಟನೆ ನಿಲ್ಲುವುದನ್ನು ಇಂಗ್ಲಿಷು 14ನೇ ಶತಮಾನದ ಹೊತ್ತಿಗೇ ಚೆಕ್ ಎಂದು ಕರೆಯಿತು; ನಿಲ್ಲಿಸುವುದರಿಂದ ಹಿಡಿತದಲ್ಲಿಡುವುದು ಎಂಬರ್ಥ ಬಂತು. ಚೆಕ್‌ಡ್ಯಾಮ್ ಹಳ್ಳದ ನೀರಿನ ಓಟಕ್ಕೆ ಹಾಕಿದ ತಡೆ. ದೊಡ್ಡ ಅಣೆಯಂತೆ ನೀರನ್ನು ಹಿಡಿದು ಕೂಡಿಡುವುದು ಅದರ ಮುಖ್ಯ ಕೆಲಸವಲ್ಲ. ಓಟ ಕುಗ್ಗಿದಾಗ ನೀರು ಹೊತ್ತು ತಂದ ಮಣ್ಣು ಅಲ್ಲಿಯೇ ತಂಗುತ್ತದೆ, ದಂಡೆಯ ಕೊರೆತ ತಗ್ಗುತ್ತದೆ, ನಿಂತ ನೀರು ನೆಲಕ್ಕಿಳಿದು ಕೆಳಗಿನ ಬಾವಿಗಳಲ್ಲಿ ಏರುತ್ತದೆ. ಚದುರಂಗದ ಮೂರು ದಾರಿಗಳಲ್ಲಿ ಇದು ಎರಡನೆಯದು, ನಡುವೆ ಅಡ್ಡ ಇಡುವುದು. ಕನ್ನಡದಲ್ಲಿ ಇದಕ್ಕೆ ಒಡ್ಡು, ಕಟ್ಟ ಎಂಬ ಹಳೆಯ ಹೆಸರುಗಳಿವೆ. ಕರಾವಳಿಯ ಕಿಂಡಿ ಅಣೆಕಟ್ಟಿನಲ್ಲಿ ತಡೆಯುವುದೂ ಬಿಡುವುದೂ ಎರಡೂ ಕಾಣಸಿಗುತ್ತವೆ. ಮಳೆಗಾಲದಲ್ಲಿ ಕಿಂಡಿಗಳು ತೆರೆದೇ ಇದ್ದು ನೆರೆಯ ನೀರು ಹಾದು ಹೋಗುತ್ತದೆ. ಮಳೆ ಹಿಂದಾದ ಮೇಲೆ ಕಿಂಡಿಗೆ ಎರಡು ಸಾಲು ಹಲಗೆ ಇಳಿಸಿ, ನಡುವೆ ಮಣ್ಣು ತುಂಬಿ ಬಿಗಿಯುತ್ತಾರೆ. ಆಗ ಹೊಳೆಗೆ ಚೆಕ್ ಬಿತ್ತು. ರಾಜ್ಯಶಾಸ್ತ್ರದವರು ಸರ್ಕಾರದ ಮೂರು ಅಂಗಗಳು ಒಂದನ್ನೊಂದು ಹಿಡಿತದಲ್ಲಿಡುವುದಕ್ಕೆ ‘ಚೆಕ್ಸ್ ಅಂಡ್ ಬ್ಯಾಲೆನ್ಸಸ್’ ಎನ್ನುವುದೂ ಈ ಅರ್ಥದಲ್ಲಿಯೇ. ಅಲ್ಲಿ ಅಧಿಕಾರವೇ ಹೊಳೆ.

‘ಬಾಬ್ತು’ ಎಂದರೆ ಸಂಬಂಧವಾಗಿ, ಲೆಕ್ಕಕ್ಕೆ. ಇದೂ ಪಾರಸಿಯ ದಾರಿಯಿಂದ ಬಂದು ಕಚೇರಿಗನ್ನಡದಲ್ಲಿ ನೆಲೆ ನಿಂತ ಮಾತು. ಅದರ ಮಗ್ಗುಲಲ್ಲಿ ಚೆಕ್ಕು ಕೂತದ್ದು ಒಂದೇ ನಾಡಿನ ಇಬ್ಬರು ಬೇರೆ ಬೇರೆ ದಾರಿಯಲ್ಲಿ ನಡೆದು ಒಂದೇ ಊರು ಸೇರಿದಂತೆ.

‘ಚೆಕ್ಕನ್ನು’ ಎಂಬುದು ಈ ವಾಕ್ಯದ ನಡುಗಂಬ. ಎರಡು ಕವಲೂ ಮತ್ತೆ ಕೂಡುವ ಸಂಗಮ ಇದು. ಇಲ್ಲಿ ಒಂದು ಪೂರ್ವಪಕ್ಷ, ಎಂದರೆ ಎದುರು ವಾದ: ಅರಬ್ಬಿಯಲ್ಲಿ ‘ಸಕ್ಕ್’ ಎಂಬ ಶಬ್ದವಿದೆ, ಬರೆದು ಕೊಟ್ಟ ಹಣದ ಪತ್ರ ಎಂದು ಅದರ ಅರ್ಥ, ಅರಬ್ ವರ್ತಕರು ಅದನ್ನು ಬಳಸುತ್ತಿದ್ದರು, ಆದ್ದರಿಂದ ಬ್ಯಾಂಕಿನ ಚೆಕ್ಕು ಅದರಿಂದ ಬಂತು, ಚದುರಂಗಕ್ಕೂ ಅದಕ್ಕೂ ಸಂಬಂಧವಿಲ್ಲ ಎಂದು. ವಾದ ಆಕರ್ಷಕವಾಗಿದೆ, ದನಿಯೂ ಅರ್ಥವೂ ಹೊಂದುತ್ತವೆ. ಆದರೆ ನಿಲ್ಲದು. 18ನೇ ಶತಮಾನದ ಆರಂಭದಲ್ಲಿ ಇಂಗ್ಲಿಷಿನ ಹಣಕಾಸಿನ ಮಾತಿನಲ್ಲಿ ‘ಚೆಕ್’ ಎಂದು ಕರೆಸಿಕೊಂಡದ್ದು ಹಣ ಕೊಡಿಸುವ ಹಾಳೆಯಲ್ಲ. ಆ ಹಾಳೆಯನ್ನು ಹರಿದುಕೊಟ್ಟ ಮೇಲೆ ಪುಸ್ತಕದಲ್ಲಿ ಉಳಿಯುವ ತುಂಡು, ಇಂದು ಕೌಂಟರ್‌ಫಾಯಿಲ್ ಎನ್ನುವ ಪ್ರತಿಪತ್ರ. ಹೊರಗೆ ಹೋದ ಹಾಳೆಯನ್ನು ಉಳಿದ ತುಂಡಿನೊಡನೆ ತಾಳೆ ನೋಡಿದರೆ ಖೋಟಾ ಸಿಕ್ಕಿಬೀಳುತ್ತದೆ. ವಂಚನೆಗೆ ಅದು ತಡೆ, ಆದ್ದರಿಂದ ಚೆಕ್. ಕಾಲಕ್ರಮದಲ್ಲಿ ತುಂಡಿನ ಹೆಸರು ಹಾಳೆಗೇ ಸಂದಿತು. ಅರ್ಥ ಹೀಗೆ ಕ್ರಿಯೆಯ ಕವಲಿನದು ಎಂದು ಸಿದ್ಧಾಂತ.

ಅಕ್ಷರಗಳು ಮಾತ್ರ ಆಕಾರದ ಕವಲಿನವು. 19ನೇ ಶತಮಾನದಿಂದ ಇಂಗ್ಲೆಂಡಿನಲ್ಲಿ ಈ ಶಬ್ದವನ್ನು ಬೇರೆಯಾಗಿ ಬರೆಯುವ ರೂಢಿ ಬಲವಾಯಿತು. ಅದಕ್ಕೆ ಒತ್ತಾಸೆಯಾದದ್ದು ‘ಎಕ್ಸ್‌ಚೆಕರ್’ ಎಂಬ ಶಬ್ದದ ಬರಹ. ಎಕ್ಸ್‌ಚೆಕರ್ ಎಂದರೆ ರಾಜ್ಯದ ಬೊಕ್ಕಸ. ಬ್ರಿಟನ್ನಿನ ಹಣಕಾಸು ಮಂತ್ರಿಗೆ ಇಂದಿಗೂ ಚಾನ್ಸೆಲರ್ ಆಫ್ ದಿ ಎಕ್ಸ್‌ಚೆಕರ್ ಎಂದೇ ಹೆಸರು. ಆ ಶಬ್ದದ ಮೂಲಾರ್ಥ ಚದುರಂಗದ ಹಲಗೆ. ಇದು ಉಪಮೆಯಲ್ಲ, ಕಣ್ಣಿಗೆ ಕಾಣುತ್ತಿದ್ದ ಒಂದು ಮೇಜು. 12ನೇ ಶತಮಾನದ ಖಜಾಂಚಿ ರಿಚರ್ಡ್ ಫಿಟ್ಸ್‌ನೀಲ್ ಗುರು-ಶಿಷ್ಯರ ಸಂವಾದವಾಗಿ ಬರೆದ ‘ಡಯಲಾಗಸ್ ಡಿ ಸ್ಕಾಕಾರಿಯೊ’ ಎಂಬ ಲ್ಯಾಟಿನ್ ಗ್ರಂಥ ಅದನ್ನು ಅಳತೆ ಸಹಿತ ವಿವರಿಸುತ್ತದೆ. ಸುಮಾರು ಹತ್ತು ಅಡಿ ಉದ್ದ, ಐದು ಅಡಿ ಅಗಲ. ಮೇಲಿಟ್ಟದ್ದು ಉರುಳಿ ಬೀಳದಂತೆ ಸುತ್ತ ನಾಲ್ಕು ಬೆರಳೆತ್ತರದ ಅಂಚು. ಮೇಲೆ ಹಾಸಿದ್ದು ಗೆರೆಗೆರೆಯ ಕಪ್ಪು ಬಟ್ಟೆ.

ಬಟ್ಟೆಯ ಗೆರೆಗಳು ಅಲಂಕಾರಕ್ಕಾಗಿ ಇದ್ದವಲ್ಲ. ರೋಮನ್ ಅಂಕಿಗಳಲ್ಲಿ ಸೊನ್ನೆಯಿಲ್ಲ, ಬಿಡಿ-ಹತ್ತು-ನೂರು ಎಂಬ ಸ್ಥಾನಬೆಲೆಯಿಲ್ಲ. ಆ ಅಂಕಿಗಳಲ್ಲಿ ಬರೆದ ಎರಡು ಮೊತ್ತಗಳನ್ನು ಕೂಡಿ ಕಳೆಯುವುದು ಬಹಳ ಪ್ರಯಾಸ. ಆದ್ದರಿಂದ ಸ್ಥಾನಗಳನ್ನು ಬಟ್ಟೆಯ ಮೇಲೆಯೇ ಇಟ್ಟರು. ಒಂದು ಸಾಲು ಪೆನ್ನಿಗೆ, ಮುಂದಿನದು ಷಿಲಿಂಗಿಗೆ, ಅದರ ಮುಂದಿನದು ಪೌಂಡಿಗೆ, ಮತ್ತೆ ಇಪ್ಪತ್ತು, ನೂರು, ಸಾವಿರ, ಹತ್ತು ಸಾವಿರ ಪೌಂಡುಗಳಿಗೆ ಒಂದೊಂದು ಸಾಲು. ಸೀಮೆ ಸೀಮೆಯ ಕಂದಾಯಕ್ಕೆ ಹೊಣೆಯಾದ ಅಧಿಕಾರಿಗೆ ಶೆರಿಫ್ ಎಂದು ಹೆಸರು. ಅವನು ಈಸ್ಟರಿಗೂ ಸೆಪ್ಟೆಂಬರಿನ ಮಿಕೆಲ್ಮಸ್ ಹಬ್ಬಕ್ಕೂ ಬಂದು ಲೆಕ್ಕ ಒಪ್ಪಿಸಬೇಕು. ಅವನು ಕೊಡಬೇಕಾದ ಮೊತ್ತವನ್ನು ಬಿಲ್ಲೆಗಳಿಂದ ಮೇಲೆ ಇಡುತ್ತಾರೆ, ಕೊಟ್ಟದ್ದನ್ನು ಅದರ ಕೆಳಗೆ ಇಡುತ್ತಾರೆ. ಸಾಲು ಸಾಲಿಗೆ ಬಿಲ್ಲೆ ತೆಗೆಯುತ್ತ ಬಂದರೆ ಬಾಕಿ ಎಷ್ಟೆಂದು ಅಕ್ಷರ ಬಾರದವನ ಕಣ್ಣಿಗೂ ಕಾಣುತ್ತದೆ. ಎಕ್ಸ್‌ಚೆಕರ್ ಎಂಬ ಹೆಸರು ಏಕೆ ಬಂತೆಂದು ಶಿಷ್ಯ ಕೇಳಿದಾಗ ಗುರು ಮೊದಲು ಹಲಗೆಯ ರೂಪವನ್ನು ಕಾರಣ ಹೇಳಿ, ಬಳಿಕ ಇನ್ನೂ ಆಳಕ್ಕೆ ಹೋಗುತ್ತಾನೆ: ಚದುರಂಗದಲ್ಲಿ ಅರಸರಿಬ್ಬರ ನಡುವೆ ಕಾಳಗ ನಡೆಯುವಂತೆ ಇಲ್ಲಿ ಖಜಾಂಚಿಗೂ ಶೆರಿಫನಿಗೂ ನಡೆಯುತ್ತದೆ, ಉಳಿದವರು ನೋಡಿ ತೀರ್ಮಾನಿಸುತ್ತಾರೆ ಎಂದು. ಒಂದು ಸರ್ಕಾರಿ ಇಲಾಖೆಯ ಹೆಸರಿಗೆ ಇಷ್ಟು ಸುಂದರವಾದ ವ್ಯಾಖ್ಯಾನ ಬೇರೆಡೆ ದೊರೆಯುವುದು ವಿರಳ.

ಇನ್ನು ಕೈಯಲ್ಲಿರುವ ಹಾಳೆಯನ್ನು ನೋಡೋಣ. ಭಾರತದಲ್ಲಿ ಚೆಕ್ಕಿನ ಲಕ್ಷಣ ಹೇಳುವುದು 1881ರ ನೆಗೋಷಿಯಬಲ್ ಇನ್‌ಸ್ಟ್ರುಮೆಂಟ್ಸ್ ಕಾಯಿದೆ. ಹೆಸರೇ ತಡೆ ಎಂದಾದ್ದರಿಂದ ಹಾಳೆಯ ತುಂಬ ತಡೆಗಳೇ ಇವೆ. ಎಡಮೂಲೆಯ ಎರಡು ಓರೆಗೆರೆಗಳು ಹಣ ನಗದಾಗಿ ಕೈಗೆ ಬರದೆ ಖಾತೆಯ ಮೂಲಕವೇ ಹೋಗಬೇಕೆಂಬ ತಡೆ. ಮೊತ್ತವನ್ನು ಅಂಕಿಯಲ್ಲಿಯೂ ಅಕ್ಷರದಲ್ಲಿಯೂ ಬರೆಸುವುದು ಇನ್ನೊಂದು. ಎರಡೂ ಹೊಂದದಿದ್ದರೆ ಅಕ್ಷರದಲ್ಲಿ ಬರೆದದ್ದೇ ಪ್ರಮಾಣ ಎಂದು ಆ ಕಾಯಿದೆಯ 18ನೇ ಕಲಮು. ‘ಹತ್ತು ಸಾವಿರ ರೂಪಾಯಿ ಮಾತ್ರ’ ಎಂದು ಬರೆಯುವಲ್ಲಿ ಕೊನೆಯ ‘ಮಾತ್ರ’ ಎಂಬುದನ್ನು ಸುಮ್ಮನೆ ಬಂದ ಮಾತೆಂದು ತಿಳಿಯಬಾರದು. ಆ ಮೊತ್ತದ ಮುಂದೆ ಇನ್ನೊಂದು ಮಾತು ಸೇರದಂತೆ ಹಾಕಿದ ಕದ ಅದು. ಅಲ್ಪಾರ್ಥದ ಅವ್ಯಯ ಇಲ್ಲಿ ಕಾವಲುಗಾರನಾಗಿದೆ. ಖಾತೆಯಲ್ಲಿ ಹಣವಿಲ್ಲದೆ ಚೆಕ್ಕು ಮರಳಿ ಬರುವುದನ್ನು ಅಪರಾಧವೆಂದು ಸಾರುವ 138ನೇ ಕಲಮು 1989ರ ಏಪ್ರಿಲ್ 1ರಿಂದ ಜಾರಿಗೆ ಬಂತು. ಊರಿನ ನ್ಯಾಯಾಲಯಗಳಲ್ಲಿ ‘ಚೆಕ್ ಬೌನ್ಸ್ ಕೇಸು’ ಎಂದು ಹೆಸರಾದದ್ದು ಅದೇ.

‘ಚೆಕ್ ಮಾಡಿ’ ಎಂಬಲ್ಲಿ ಪರಿಶೀಲಿಸಿ ಎಂದರ್ಥ. ತಡೆಯುವುದು ಪರಿಶೀಲಿಸುವುದಾದದ್ದು ಹೇಗೆ? ಇಂಗ್ಲಿಷಿನಲ್ಲಿ ಈ ಅರ್ಥ ಕಾಣುವುದು ತಡವಾಗಿ, 17ನೇ ಶತಮಾನದ ಕೊನೆಗೆ. ನಿಲ್ಲಿಸುವುದು, ಹಿಡಿತದಲ್ಲಿಡುವುದು, ಹಿಡಿತದಲ್ಲಿಡಲು ಇನ್ನೊಂದು ದಾಖಲೆಯೊಡನೆ ತಾಳೆ ನೋಡುವುದು, ಕೊನೆಗೆ ಬರಿದೇ ನೋಡುವುದು ಎಂದು ಮೆಟ್ಟಿಲು ಮೆಟ್ಟಿಲಾಗಿ ಇಳಿದು ಬಂದಿದೆ. ಕನ್ನಡದಲ್ಲಿ ಇದಕ್ಕೆ ‘ಮಾಡು’ ಎಂಬ ಕ್ರಿಯಾಪದದ ಆಸರೆ ಬೇಕಾಯಿತು. ಹಣದ ಚೆಕ್ಕು ನಾಮಪದವಾದ್ದರಿಂದ ಇಮ್ಮಡಿಸಿದ ‘ಕ್ಕ’ ಪಡೆದು, ‘ಅನ್ನು’ ಪ್ರತ್ಯಯ ತೊಟ್ಟು, ಹೊಲ-ಮನೆಗಳಂತೆ ವಿಭಕ್ತಿಯಲ್ಲಿ ನಡೆಯುತ್ತದೆ; ಈ ಚೆಕ್ ಮಾತ್ರ ‘ಮಾಡಿ’ಯ ಹಿಂದೆ ಹಾಗೆಯೇ ನಿಂತಿದೆ. ‘ಚೆಕ್ಕನ್ನು ಚೆಕ್ ಮಾಡಿ’ ಎಂಬಲ್ಲಿ ಪುನರುಕ್ತಿದೋಷವನ್ನು ಶಂಕಿಸಬಾರದು. ಒಂದು ವಸ್ತು, ಇನ್ನೊಂದು ಕ್ರಿಯೆ. ವಸ್ತು ಆ ಕ್ರಿಯೆಗಾಗಿಯೇ ಹುಟ್ಟಿದ್ದು.

‘ಚೆಕ್‌ಪೋಸ್ಟ್ ದಾಟಿ’ ಎಂದರೆ ತಡೆದು ನೋಡುವ ಠಾಣೆಯನ್ನು ಹಾದು. ಹಿಂದಿನ ಎರಡು ಅರ್ಥಗಳೂ ಇಲ್ಲಿ ಒಟ್ಟಿಗಿವೆ: ಅಡ್ಡಗಂಬ ಇಳಿದು ಗಾಡಿ ನಿಲ್ಲುವುದು ತಡೆ, ಕಾಗದಪತ್ರ ತೋರಿಸುವುದು ಪರಿಶೀಲನೆ. ನಿಲ್ಲಿಸದೆ ನೋಡಲಾಗದು. ಕನ್ನಡದಲ್ಲಿ ಇದಕ್ಕಿದ್ದ ಹೆಸರುಗಳು ಉಕ್ಕಡ, ಸುಂಕದ ಕಟ್ಟೆ. ಬೆಂಗಳೂರಿನ ಸುಂಕದಕಟ್ಟೆ ಬಡಾವಣೆಯಲ್ಲಿ, ಶ್ರೀರಂಗಪಟ್ಟಣದ ಬಳಿಯ ಆರತಿ ಉಕ್ಕಡದಲ್ಲಿ ಆ ಹೆಸರುಗಳು ಇಂದಿಗೂ ಉಳಿದಿವೆ. ಬಂಡೀಪುರದ ಕಾಡಿನ ಚೆಕ್‌ಪೋಸ್ಟಿನಲ್ಲಿ ರಾತ್ರಿ 9ರಿಂದ ಬೆಳಗ್ಗೆ 6ರವರೆಗೆ ವಾಹನ ತಡೆಯುವುದು ಸುಂಕಕ್ಕಾಗಿ ಅಲ್ಲ. ಕತ್ತಲಲ್ಲಿ ರಸ್ತೆ ದಾಟುವ ಆನೆ, ಜಿಂಕೆಗಳು ಗಾಡಿಗೆ ಸಿಕ್ಕಿ ಸಾಯದಿರಲೆಂದು. ಅಲ್ಲಿ ಚದುರಂಗದ ಆನೆಯಲ್ಲ, ನಿಜವಾದ ಆನೆಯ ಸಲುವಾಗಿ ಚೆಕ್.

‘ಚೆಕಪ್ಪಿಗೆ ಹೋದರು’ ಎಂಬಲ್ಲಿ ‘ಚೆಕಪ್’ 20ನೇ ಶತಮಾನದ ಅಮೆರಿಕದ ಮಾತು. ವೈದ್ಯರ ಹತ್ತಿರ ದೇಹವನ್ನು ತೋರಿಸಿಕೊಳ್ಳುವುದು ಎಂದರ್ಥ. ಇಲ್ಲಿ ಪರಿಶೀಲನೆ ಮಾತ್ರ ಇದೆ, ತಡೆಯಿಲ್ಲ ಎಂದು ತೋರಬಹುದು. ರಕ್ತದೊತ್ತಡ ನೋಡುವ ಬಗೆಯನ್ನು ಗಮನಿಸಿದರೆ ಹಾಗಲ್ಲವೆಂದು ತಿಳಿಯುತ್ತದೆ. ಚೆಕ್ಸ್ ಅಂಗಿಯ ತೋಳು ಮಡಿಸಿ, ರೆಟ್ಟೆಗೆ ಪಟ್ಟಿ ಸುತ್ತಿ, ರಬ್ಬರಿನ ಬುರುಡೆ ಒತ್ತಿ ಗಾಳಿ ತುಂಬುತ್ತಾರೆ. ಪಟ್ಟಿ ಬಿಗಿಯುತ್ತ ಹೋಗಿ ತೋಳಿನ ರಕ್ತನಾಳ ಒತ್ತಿಹೋಗುತ್ತದೆ. ರಕ್ತದ ಓಟ ನಿಲ್ಲುತ್ತದೆ. ಮೊಣಕೈ ಮಡಿಕೆಯ ಮೇಲಿಟ್ಟ ಸ್ಟೆತಸ್ಕೋಪಿನಲ್ಲಿ ಸದ್ದಿಲ್ಲ. ಆಮೇಲೆ ಗಾಳಿಯನ್ನು ಮೆಲ್ಲಗೆ ಬಿಡುತ್ತಾರೆ. ತಡೆ ಸಡಿಲಿದೊಡನೆ ರಕ್ತ ನುಗ್ಗಿ ಬಡಿಯುವ ಮೊದಲ ಸದ್ದು ಕೇಳುತ್ತದೆ, ಅದು ಮೇಲಿನ ಅಂಕಿ. ಗಾಳಿ ಇನ್ನೂ ಇಳಿದು, ಓಟ ಸರಾಗವಾಗಿ ಸದ್ದು ಅಡಗಿದಾಗ ಕೆಳಗಿನ ಅಂಕಿ. ರಷ್ಯಾದ ವೈದ್ಯ ನಿಕೊಲಾಯ್ ಕೊರೊಟ್ಕೊವ್ 1905ರಲ್ಲಿ ತಿಳಿಸಿದ ಕ್ರಮ ಇದು. ವೈದ್ಯರು ಎರಡು ಅಂಕಿ ಬರೆದುಕೊಂಡು, ಪಟ್ಟಿ ಬಿಚ್ಚಿ, ಕಂಟ್ರಾಕ್ಟರ ತೋಳನ್ನು ಬಿಡುತ್ತಾರೆ.